ಕಾಕಾ ಒಗೆದ ಚೆಂಡು

ಕುರಿ ಕಾಯುವ ಬೀರಣ್ಣಕಾಕಾ ಒಗೆದ ಚೆಂಡು ಕೈಗವಸಿಗೆ ಫಟ್ಟನೆ ಬಡಿಯಿತು. ಅದನ್ನು ಹಿಡಿದ ಸವಿತಾ ನಮ್ಮೂರು ಹೋಟಗಿಯ ಬಯಲಲ್ಲೇ ಕುಳಿತು ಅಳತೊಡಗಿದಳು.

ನಮ್ಮ ಸೋಲಾಪುರದ ಹುಡುಗಿಯರ ಬೇಸ್‌ಬಾಲ್ ತಂಡ ಈ ಸಲ ಒಂದೂ ಪಂದ್ಯ ಸೋಲದೆ ಫೈನಲ್ ಮುಟ್ಟಿತ್ತು. ಅದು ಕಾಕಾನ ಮಗಳು ಲಕ್ಷ್ಮಿಯ ಎಸೆತದ ಬಲ. ಫೈನಲ್‌ಗೆ ಎಂಟು ದಿನವಿರುವಾಗ ಅವಳು ಜ್ವರದಲ್ಲಿ ತೀರಿಕೊಂಡಳು, ತಂಡವೂ ಸೋತಿತು. ಅವಳ ಎಸೆತಗಳನ್ನು ಹಿಡಿಯುತ್ತಿದ್ದ ಸವಿತಾ, ತಾನಿನ್ನು ಆಡುವುದಿಲ್ಲವೆಂದು ಹೇಳಿ ಗೆಳತಿಯ ಚೆಂಡನ್ನು ಮನೆಗೆ ಮುಟ್ಟಿಸಲು ಬಂದಿದ್ದಳು. ನೆರೆಯವನಾದ ನಾನೂ ಅಲ್ಲಿದ್ದೆ.

"ಕಾಕಾ, ಒಂದs ಸಲ ನೀವು ಒಗೀರಿ," ಎಂದು ಅವಳೇ ಕೇಳಿದ್ದಳು.

"ನಂಗೇನ್ ತಿಳೀತದವ್ವಾ ನಿಮ್ಮ ಆಟ? ಕುರಿ ತಿರುಗ್ಸಾಕ ಕಲ್ಲು ಒಗಿಯಾಂವ ನಾ. ಕೈತಪ್ಪಿದ್ರ ಬೈಬ್ಯಾಡ ಮತ್ತ!"

ಈಗ ಸವಿತಾ ಬಿಕ್ಕುತ್ತಲೇ ಅಂದಳು: "ಲಕ್ಷ್ಮೀನs ಒಗದಂಗಾತ್ರಿ, ಕಾಕಾ."

"ನಾನs ಕಲಿಸೀನವ್ವಾ ಅಕಿಗೆ. ಕುರಿ ಮುಂದ ಬೀಳಬೇಕು, ಕುರಿಗೆ ತಾಗಬಾರ್ದು, ಹಂಗ."

ಸವಿತಾ ಚೆಂಡನ್ನು ವಾಪಸು ಒಯ್ದಳು; ಮತ್ತೆ ಆಡುತ್ತಿದ್ದಾಳಂತೆ. ಕಾಕಾ ಕುರಿ ತಿರುಗಿಸಲು ಕಲ್ಲೆತ್ತಿದಾಗ, ಅದು ಎಲ್ಲಿ ಬೀಳುತ್ತದೆಂದು ನಾನೀಗ ನೋಡುವುದಿಲ್ಲ. ಅವರ ಕೈಯನ್ನೇ ನೋಡುತ್ತೇನೆ.