ಗದ್ದಕ್ಕೂ ಗಡ್ಡಕ್ಕೂ ಒಂದಕ್ಷರ

ಗದ್ದಕ್ಕೂ ಗಡ್ಡಕ್ಕೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಹಿರಿಯೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದ ನನಗೆ ಇದು ಗೊತ್ತಿತ್ತು. ಆ ಅಕ್ಷರ ನನ್ನ ಮುಖದ ಮೇಲೆಯೇ ಬದಲಾಗುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ನಲವತ್ತಾರು ದಾಟಿದ ಮೇಲೆ ಗದ್ದದ ಎಡಗಡೆ ಒಂದು ಕೂದಲು ಬಂತು. ಒಂದೇ ತಾನೇ ಎಂದು ಚಿಮಟದಲ್ಲಿ ಕಿತ್ತೆ. ಅದು ತನ್ನ ಬಳಗವನ್ನೆಲ್ಲ ಕರೆದುಕೊಂಡು ವಾಪಸು ಬಂತು.

ಡಾಕ್ಟರಮ್ಮನಿಗೆ ತೋರಿಸಿದೆ. ಅವರು ರಕ್ತ ಪರೀಕ್ಷೆ ಮಾಡಿಸಿ, "ಏನೂ ತೊಂದರೆ ಇಲ್ಲ, ವಯಸ್ಸಿಗೆ ಬರೋದು" ಎಂದು ನಕ್ಕು ಕಳಿಸಿದರು. ತೊಂದರೆ ಇಲ್ಲದ ವಿಷಯಕ್ಕೆ ಔಷಧಿಯೂ ಇರುವುದಿಲ್ಲ. ಹಾಗಾಗಿ ನಾನು ದಿನಾ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಮ್ಮನೆಯವರ ರೇಜರಿನಲ್ಲಿ ಗದ್ದ ಕೆರೆದುಕೊಳ್ಳತೊಡಗಿದೆ. ಸಂಜೆಯ ಹೊತ್ತಿಗೆ ಕೈಗೆ ಮುಳ್ಳು ಮುಳ್ಳಾಗಿ ಸಿಗುತ್ತಿತ್ತು. ಕ್ಲಾಸಿನಲ್ಲಿ ಗದ್ದಕ್ಕೆ ಕೈ ಕೊಟ್ಟು ನಿಲ್ಲುವುದು ಅಭ್ಯಾಸವಾಯಿತು. ಮೇಡಂ ಬಹಳ ಆಳವಾಗಿ ಯೋಚಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನನಗೊಂದು ಗೌರವವೂ ಬಂತು.

ಗುಟ್ಟು ಒಡೆದದ್ದು ಧರ್ಮಪುರದಲ್ಲಿ. ಅಲ್ಲಿರುವ ನನ್ನ ತಂಗಿ ಸುಜಾತಳ ಮನೆಗೆ ಅವಳ ಮಗಳು ಕೂಸನ್ನು ಕರೆದುಕೊಂಡು ಬಂದಿದ್ದಳು. ಎಂಟು ತಿಂಗಳ ಮಗು, ಹೊಸದಾಗಿ ಕರಿದ ಪೂರಿಯಂಥ ಕೆನ್ನೆ. ಎತ್ತಿಕೊಂಡು ಮುದ್ದು ಮಾಡಿದೆ. ಅದು ಮುಖ ಹಿಂಡಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಅಕ್ಕಪಕ್ಕದ ಮನೆಯವರು ಇಣುಕುವ ಹಾಗೆ ಅತ್ತಿತು. ಸುಜಾತ ಮಗುವನ್ನು ಕಿತ್ತುಕೊಂಡು, ತುಂಬಿದ ಪಡಸಾಲೆಯಲ್ಲಿ ನಗುತ್ತಾ, "ಅಕ್ಕಾ, ನಿನ್ ಗಡ್ಡ ಚುಚ್ಚೈತೆ ಕಣೇ ಅದಕ್ಕೆ!" ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮತ್ತೆ ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಬಸ್ಸಿನಲ್ಲಿ ಹಿರಿಯೂರು ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ನನಗೆ ಮಕ್ಕಳಿಲ್ಲ. ಆ ಕೂಸು ನನ್ನನ್ನು ಅಜ್ಜಿ ಅನ್ನುವ ದಿನಕ್ಕೆ ಕಾಯುತ್ತಿದ್ದವಳು ನಾನು. ಗಡ್ಡದ ಅಜ್ಜಿ ಅಂತ ಕರೆದರೆ?

ಮನೆಯಲ್ಲಿ ನನ್ನ ಸಪ್ಪೆ ಮುಖ ನೋಡಿ ನಮ್ಮನೆಯವರು ಕೇಳಿದರು. ಎಲ್ಲಾ ಹೇಳಿಬಿಟ್ಟೆ, ರೇಜರಿನ ವಿಷಯವನ್ನೂ ಸೇರಿಸಿ. ಅವರು ತಮ್ಮ ಕೆನ್ನೆ ಸವರಿಕೊಂಡು, "ಮೊದ್ಲೇ ಹೇಳಬಾರ್ದಿತ್ತಾ ಮಾರಾಯ್ತಿ? ಬ್ಲೇಡು ನಾಕು ದಿನಕ್ಕೆ ಮೊಂಡಾಗ್ತೈತೆ ಅಂತ ನಾನು ಆ ಅಂಗಡಿಯವನ ಹತ್ರ ಎರಡು ಸಲ ಜಗಳ ಆಡೀನಿ" ಅಂದರು. ನನ್ನ ದುಃಖಕ್ಕಿಂತ ಅಂಗಡಿಯವನಿಗಾದ ಅನ್ಯಾಯವೇ ಅವರಿಗೆ ದೊಡ್ಡದಾಗಿ ಕಂಡಿತು.

ಆ ವಾರವೇ ರವಿಕೆಯ ಅಳತೆ ಕೊಡಲು ಜುಲೇಖಾ ಆಪಾನ ಮನೆಗೆ ಹೋದೆ. ಆಪಾ ನಮ್ಮ ಬೀದಿಯ ದರ್ಜಿ, ಅರವತ್ತು ದಾಟಿದವರು. ಚಿತ್ರದುರ್ಗದ ಕೋಟೆ ಕೆಳಗಿನ ಪೇಟೆಯಲ್ಲಿ ತಲೆತಲಾಂತರದಿಂದ ಬಟ್ಟೆ ಹೊಲಿದ ಮನೆತನದಿಂದ ಹಿರಿಯೂರಿಗೆ ಸೊಸೆಯಾಗಿ ಬಂದವರು. ಕೊರಳ ಅಳತೆ ಹಿಡಿಯುತ್ತಾ ಟೇಪನ್ನು ಅಲ್ಲೇ ನಿಲ್ಲಿಸಿ, "ಟೀಚರಮ್ಮ, ಬ್ಲೇಡ್ ಹಾಕ್ತೀರೇನ್ರಿ?" ಅಂದರು. ಗದ್ದದ ಕೆಳಗಿನ ಗೀರು ಕಂಡಿರಬೇಕು. ನಾನು ಸೆರಗಿನಿಂದ ಗದ್ದ ಮುಚ್ಚಿಕೊಳ್ಳುವುದರೊಳಗೆ, "ನಾಚ್ಕಬ್ಯಾಡ್ರಿ. ನಮ್ ನಾನಿ ಕಾಲದಿಂದ ಕೂದಲು ಕೀಳಾಕೆ ಸಕ್ಕರೆ ಪಾಕ ಐತೆ. ಹದಿನೈದು ದಿನ ಬ್ಲೇಡ್ ಮುಟ್ಟದಂಗೆ ಕೂದಲು ಬಿಟ್ಕಂಡು ಬರ್ರಿ" ಅಂದರು.

ಸಕ್ಕರೆ, ನಿಂಬೆರಸ, ಒಂದಿಷ್ಟು ನೀರು, ಅಷ್ಟೇ. ಪಾಕ ನಾನೇ ಮಾಡಿ ತರುತ್ತೇನೆ ಎಂದೆ. ನಾನು ಹುಟ್ಟಿದ್ದು ಹರಿಯಬ್ಬೆಯಲ್ಲಿ. ಅಲ್ಲಿ ನನ್ನ ಕಜ್ಜಾಯದ ಪಾಕಕ್ಕೆ ಹೆಸರಿತ್ತು. ಪಾಕದ ಹದವನ್ನು ನಾವು ಎಳೆಯಲ್ಲಿ ಅಳೆಯುತ್ತೇವಲ್ಲ, ಒಂದೆಳೆ, ಎರಡೆಳೆ ಅಂತ. ಕೂದಲಿಗೂ ಎಳೆ ಎಂದೇ ಹೇಳುತ್ತೇವೆ. ಎಳೆಯಿಂದ ಎಳೆಯನ್ನು ಎಳೆಯುವುದು ಎಂದು ನನ್ನಷ್ಟಕ್ಕೆ ಶ್ಲೇಷೆ ಹೊಸೆದುಕೊಂಡು ಖುಷಿಪಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಪಾಕ ಕಲ್ಲಾಯಿತು. ಪಾತ್ರೆಯನ್ನು ಎರಡು ದಿನ ನೆನೆಹಾಕಬೇಕಾಯಿತು.

ಅದಕ್ಕಿಂತ ಕಷ್ಟದ್ದು ಆ ಹದಿನೈದು ದಿನ. ಗಡ್ಡ ಬಿಟ್ಟುಕೊಂಡು ಹತ್ತನೇ ಕ್ಲಾಸಿಗೆ ಹೋಗುವುದು ಅಂದರೆ ಏನು ಎಂದು ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ. ನಮ್ಮ ಹಳೆಗನ್ನಡದ ಕವಿಗಳು ನೆನಪಾದರು. ಹೆಣ್ಣಿನ ಹೊಕ್ಕುಳಿಂದ ಮೇಲಕ್ಕೆ ಹೋಗುವ ಕೂದಲಿನ ಗೆರೆಗೆ ಬಾಸೆ ಎಂದು ಹೆಸರಿಟ್ಟು, ಅದನ್ನು ಕಪ್ಪಿರುವೆಯ ಸಾಲಿಗೋ ದುಂಬಿಯ ಸಾಲಿಗೋ ಹೋಲಿಸಿ ಹಿಗ್ಗಿದವರು ಅವರು. ಹೊಟ್ಟೆಯ ಮೇಲಿದ್ದರೆ ಕಾವ್ಯ, ಒಂದು ಗೇಣು ಮೇಲೆ ಬಂದರೆ ಅಪಮಾನ. ಈ ಗಡಿ ಹಾಕಿದವರು ಯಾರೋ!

ಆದರೆ ನಡೆದದ್ದು ಬೇರೆ. ಮೊದಲ ಎರಡು ದಿನ ಕೈ ಅಡ್ಡ ಇಟ್ಟುಕೊಂಡೇ ಪಾಠ ಮಾಡಿದೆ. ಮೂರನೆಯ ದಿನ ಬೋರ್ಡಿನ ಮೇಲೆ ಬರೆಯುವ ಭರದಲ್ಲಿ ಮರೆತೆ. ಆಮೇಲೆ ಬಿಟ್ಟೇಬಿಟ್ಟೆ. ಹದಿನೈದು ದಿನದಲ್ಲಿ ಒಬ್ಬರೂ, ಮುಂದಿನ ಬೆಂಚಿನ ಚೂಟಿ ಹುಡುಗಿಯರು ಸಹ, ಏನೂ ಕೇಳಲಿಲ್ಲ. ನನ್ನ ಮುಖವನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡುತ್ತಿರಲಿಲ್ಲ ಎಂದು ತಿಳಿದು ಸಮಾಧಾನವಾಯಿತು. ನಿಜ ಹೇಳಬೇಕೆಂದರೆ, ಚೂರು ಬೇಜಾರೂ ಆಯಿತು.

ಭಾನುವಾರ ಬೆಳಿಗ್ಗೆ ಆಪಾ ಹೊಲಿಗೆ ಮಿಷನ್ನಿನ ಪಕ್ಕ ಚಾಪೆ ಹಾಸಿ, "ಕುಂತ್ಕಳ್ರಿ" ಅಂದರು. ತಾವೇ ಮಾಡಿ ಆರಿಸಿಟ್ಟಿದ್ದ ಪಾಕವನ್ನು ಅಂಗೈಯಲ್ಲಿ ಜಗ್ಗಿ ಜಗ್ಗಿ ನಾದಿದರು. ಜೇನಿನ ಬಣ್ಣದ್ದು ಮುತ್ತಿನ ಬಣ್ಣಕ್ಕೆ ತಿರುಗಿತು. ಗದ್ದಕ್ಕೆ ಬಳಿದು, "ಬಿಸ್ಮಿಲ್ಲಾ" ಎಂದು ಒಂದೇ ಸಲ ಕಿತ್ತರು. ನನ್ನ ಬಾಯಿಂದ "ಅವ್ವಾ!" ಎಂದು ಹೊರಟದ್ದು ರಸ್ತೆಗೆ ಕೇಳಿಸಿರಬೇಕು. ಆಮೇಲೆ ಕೈಯಾಡಿಸಿದೆ. ಗದ್ದ ಉರಿಯುತ್ತಿತ್ತು, ಆದರೆ ಇಪ್ಪತ್ತರ ವಯಸ್ಸಿನದಾಗಿತ್ತು.

ಇನ್ನು ಕಾಯುವ ಕೆಲಸ. ಬ್ಲೇಡು ಹಾಕಿದಾಗ ಸಂಜೆಗೇ ಬರುತ್ತಿದ್ದದ್ದು ಈಗ ಒಂದು ವಾರ ಕಳೆದರೂ ಬರಲಿಲ್ಲ. ಮೂರು ವಾರಕ್ಕೆ ಒಂದೊಂದಾಗಿ ಬಂತು. ಆದರೆ ಚುಚ್ಚುತ್ತಿರಲಿಲ್ಲ, ಕೋಳಿಮರಿಯ ಪುಕ್ಕದ ಹಾಗೆ ಮೆತ್ತಗಿತ್ತು. ಬ್ಲೇಡಿನಿಂದ ಕೂದಲು ದಪ್ಪವಾಗುತ್ತದೆ ಎಂದು ನಾನೂ ನಂಬಿದ್ದೆ. ಹಾಗಲ್ಲವಂತೆ. ಬ್ಲೇಡು ಕೂದಲನ್ನು ಮಧ್ಯಕ್ಕೆ ಕತ್ತರಿಸುತ್ತದೆ, ಕುಡುಗೋಲಿಗೆ ಸಿಕ್ಕಿದ ಜೋಳದ ಕೂಳೆಯ ಹಾಗೆ. ಆ ಮೊಂಡು ತುದಿಯೇ ಒರಟು. ಬುಡದಿಂದ ಕಿತ್ತರೆ ಹೊಸದು ತನ್ನದೇ ಸಪೂರ ತುದಿ ಇಟ್ಟುಕೊಂಡು ನಯವಾಗಿ ಬರುತ್ತದೆ. ಡಾಕ್ಟರಮ್ಮನೇ ಇದನ್ನು ಬಿಡಿಸಿ ಹೇಳಿ, ಬೇರು ಸಾಯುವುದಿಲ್ಲ, ಮತ್ತೆ ಬಂದೇ ಬರುತ್ತದೆ ಎಂದೂ ಸೇರಿಸಿದರು.

ಆಪಾ ಒಪ್ಪಲಿಲ್ಲ. "ಹತ್ತು ಸಲ ಮಾಡಿಸ್ರಿ, ಆಮ್ಯಾಕೆ ಬರೋದೇ ಇಲ್ಲ" ಅಂದರು.

"ನೀವು ಮೂವತ್ತು ವರ್ಷದಿಂದ ಮಾಡ್ಕಂತಿದ್ದೀರಿ. ನಿಮಗ್ಯಾಕೆ ಇನ್ನೂ ಬರ್ತೈತೆ ಆಪಾ?"

"ನಾನು ಎಣಿಸಿಲ್ವಲ್ಲ ಟೀಚರಮ್ಮ" ಎಂದು ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು.

ಇನ್ನೊಮ್ಮೆ ಕೀಳಿಸಿಕೊಂಡು, ನುಣ್ಣನೆಯ ಗದ್ದ ಹೊತ್ತುಕೊಂಡು ಧರ್ಮಪುರಕ್ಕೆ ಹೋದೆ. ಇನ್ನೂ ಅಜ್ಜಿಮನೆಯಲ್ಲೇ ಇದ್ದ ಕೂಸನ್ನು ಎತ್ತಿಕೊಂಡು ಕೆನ್ನೆಗೆ ಕೆನ್ನೆ ಇಟ್ಟೆ. ಅದು ಮೊದಲಿಗಿಂತ ಜೋರಾಗಿ ಅತ್ತಿತು! ಸುಜಾತ, "ಈಗ ಯಾರನ್ನ ಕಂಡ್ರೂ ಹಂಗೇ ಅಕ್ಕ. ಅವರಪ್ಪನ್ನ ಕಂಡ್ರೂ ಅಳ್ತೈತೆ" ಅಂದಳು. ಹಾಗಾದರೆ ಆವತ್ತು ಅತ್ತದ್ದು ಗಡ್ಡಕ್ಕಲ್ಲವೇ? ನನಗೆ ನಗು ತಡೆಯಲಾಗಲಿಲ್ಲ. ಮಗುವನ್ನು ಕೆಳಗೆ ಬಿಟ್ಟು ಸುಮ್ಮನೆ ಕೂತೆ. ಮುಕ್ಕಾಲು ಗಂಟೆಯ ಮೇಲೆ ಅದೇ ತೆವಳಿಕೊಂಡು ಬಂದು, ಸೆರಗು ಹಿಡಿದು ಎದ್ದು, ಎರಡು ಕೈಯಲ್ಲೂ ನನ್ನ ಮುಖವನ್ನು ಚೆನ್ನಾಗಿ ತಡಕಾಡಿತು.

ಹೊರಡುವಾಗ ಸುಜಾತ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಹಾಕಿದಳು. "ಆವತ್ತು ಹಂಗೆ ಅನ್ನಬಾರ್ದಿತ್ತು ಕಣಕ್ಕಾ. ನಂಗೂ ಬಂದಾವೆ, ನೋಡಿಲ್ಲಿ" ಎಂದು ಗದ್ದ ಎತ್ತಿ ತೋರಿಸಿದಳು. ಮೂರು ಇದ್ದವು. ತಂಗಿಯಲ್ಲವೇ, ಬಿಡಲಾಗುತ್ತದೆಯೇ? ಮುಂದಿನ ಭಾನುವಾರ ಬಾ ಅಂದೆ.

ಈಗ ತಿಂಗಳಿಗೊಂದು ಭಾನುವಾರ ಆಪಾನ ಚಾಪೆಯ ಮೇಲೆ ನಾವು ಮೂವರು ಹೆಂಗಸರು. ಪಾಕ ಬಳಿದುಕೊಂಡು ಬಾಯಿ ಬಿಡುವ ಹಾಗಿಲ್ಲ ಎಂದ ತಕ್ಷಣ ಯಾರಿಗೋ ಒಬ್ಬರಿಗೆ ನಗೆಯ ಮಾತು ನೆನಪಾಗುತ್ತದೆ. ಆಪಾ ಗದರುತ್ತಾರೆ, ಆಮೇಲೆ ತಾವೇ ಮೊದಲು ನಗುತ್ತಾರೆ. ಕೆಲಸ ಮುಗಿದು, ಚಾ ಕುಡಿದು, ಊರ ಸುದ್ದಿ ಎಲ್ಲ ಆಗುವ ಹೊತ್ತಿಗೆ ಮಧ್ಯಾಹ್ನ. ಕಳೆದ ಸಲ ಸುಜಾತ ಕನ್ನಡಿ ನೋಡಿಕೊಂಡು, "ಯಾಕೋ ಕಡಿಮೆ ಆಗ್ತಾ ಅದಾವೆ ಆಪಾ" ಅಂದಳು. ಆಪಾ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನಾನು ಮಾತ್ರ ಮನಸ್ಸಿನಲ್ಲೇ ಕೈ ಮುಗಿದೆ. ದೇವರೇ, ಪೂರ್ತಿ ನಿಲ್ಲಿಸಬೇಡಪ್ಪ, ಇಲ್ಲಿಗೆ ಬರಲು ಒಂದು ನಾಲ್ಕಾದರೂ ಇರಲಿ.