ಉಮಾನಾಥರ ಕೋವಿ

ಹೋದ ನವೆಂಬರಿನಿಂದ ಉಮಾನಾಥರು ತಮ್ಮ ಕೋವಿಯನ್ನು ಹೊರಗೆ ತೆಗೆದಿರಲಿಲ್ಲ. ಈ ಪರದೇಶದ ವಿಟ್ಬಿಯಲ್ಲಿರುವ ಅವರ ಮನೆಯ ಬೇಸ್‌ಮೆಂಟಿನಲ್ಲಿ, ನನ್ನ ಬಾಡಿಗೆ ಕೋಣೆಗೂ ಮನೆ ಬಿಸಿಮಾಡುವ ಫರ್ನೇಸಿಗೂ ನಡುವೆ, ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಉಕ್ಕಿನ ಕಪಾಟಿನಲ್ಲಿ ಅದು ಬೀಗದೊಳಗೆ ಇತ್ತು. ಬಟ್ಟೆ ಒಗೆಯಲು ಇಳಿದು ಬಂದಾಗಲೆಲ್ಲ ಅವರ ಹೆಂಡತಿ ಮೀರಕ್ಕ ಆ ಕಪಾಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಮುಟ್ಟುತ್ತಿರಲಿಲ್ಲ.

ಉಮಾನಾಥರಿಗೆ ಅರವತ್ತೆರಡು ವರ್ಷ. ಬೆಳ್ತಂಗಡಿಯ ಕಡೆಯವರು. ಅವರ ತಂದೆಯ ಬಳಿ ಒಂಟಿನಳಿಗೆಯ ಕೋವಿಯೊಂದಿತ್ತು, ಗದ್ದೆಗೆ ನುಗ್ಗುವ ಹಂದಿ ಓಡಿಸಲು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಚೀಟಿ ತರಬೇಕಾಗಿತ್ತು. "ನಮ್ಮಪ್ಪ ಓಟು ಹಾಕಿದ್ದು ಕಡಿಮೆ, ಕೋವಿ ಹೊತ್ತದ್ದೇ ಹೆಚ್ಚು" ಎಂದು ಹೇಳಿ ಅವರೇ ನಗುತ್ತಿದ್ದರು. ತಂದೆ ಕಲಿಸಿದ ನಿಯಮ ಒಂದೇ. ಗಾಯ ಮಾಡಿದವನೇ ಮೃಗದ ಹಿಂದೆ ಹೋಗಬೇಕು, ಅದು ಸಿಗುವ ತನಕ ಊಟವಿಲ್ಲ.

ಮಸ್ಕತ್ತಿನಲ್ಲಿ ನಾಲ್ಕು ವರ್ಷ ಲಾರಿ ಓಡಿಸಿದರು. ಆಮೇಲೆ ಈ ದೇಶಕ್ಕೆ ಬಂದು, ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯಲ್ಲಿ ಹದಿನಾಲ್ಕನೆಯ ಮಹಡಿಯಲ್ಲಿ ಐದು ಜನ ಗಂಡಸರ ಜೊತೆ ಒಂದು ಅಪಾರ್ಟ್‌ಮೆಂಟು, ಬ್ರೆಡ್ ಕಾರ್ಖಾನೆಯ ಕೆಲಸ. ಹದಿನೇಳು ವರ್ಷದಿಂದ ಶಾಲಾ ಬಸ್ಸು. ಜೊತೆಯ ಚಾಲಕರೊಬ್ಬರು ಅವರನ್ನು ಇಲ್ಲಿಯ ಕಾಡಿಗೆ ಮೊದಲು ಕರೆದುಕೊಂಡು ಹೋದದ್ದು. ಅಂದಿನಿಂದ ಪ್ರತಿ ನವೆಂಬರಿನಲ್ಲೂ ಒಂದು ವಾರ ರಜೆ ಹಾಕಿ, ಕಿತ್ತಳೆ ಬಣ್ಣದ ಜಾಕೆಟು ತೊಟ್ಟು, ಜಿಂಕೆಯ ಬೇಟೆ. ಜೊತೆಗೆ ಸುಧೀರಣ್ಣ. ಕಾರ್ಕಳದವರು, ಉಮಾನಾಥರಿಗಿಂತ ಹತ್ತು ವರ್ಷ ಚಿಕ್ಕವರು, ಮನೆಮನೆಗೆ ಹೋಗಿ ಫರ್ನೇಸು ರಿಪೇರಿ ಮಾಡುವವರು. ಚಳಿಗಾಲವಿಡೀ ಫ್ರೀಜರಿನಲ್ಲಿ ಮಾಂಸ ಇರುತ್ತಿತ್ತು. ಮೀರಕ್ಕ ತೆಂಗಿನಕಾಯಿ ಹುರಿದು ಸುಕ್ಕ ಮಾಡುತ್ತಿದ್ದರು.

ಬೇಟೆಯ ಕಾಲ ಬರುವ ಮೊದಲು ಇಲ್ಲಿ ಎಲ್ಲರೂ ಕೋವಿಯನ್ನು ರೇಂಜಿಗೆ, ಅಂದರೆ ಗುಂಡು ಹೊಡೆದು ನೋಡುವ ಮೈದಾನಕ್ಕೆ, ಒಯ್ದು ಗುರಿ ಸರಿಪಡಿಸಿಕೊಳ್ಳುತ್ತಾರೆ. ನೂರು ಗಜ ದೂರದ ಕಾಗದಕ್ಕೆ ಹೊಡೆಯುವುದು. ಕೋವಿಯ ಮೇಲೆ ಕೂರಿಸಿದ, ದುರ್ಬೀನಿನಂಥ ಸ್ಕೋಪಿನೊಳಗೆ ಎರಡು ಗೆರೆಗಳು ಅಡ್ಡ ಹಾಯುತ್ತವೆ. ಅವು ಕೂಡುವಲ್ಲಿಗೇ ಗುಂಡು ಬೀಳುವ ತನಕ ಎರಡು ಪುಟ್ಟ ತಿರುಪುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುವುದು. ಆಮೇಲೆ ಆ ತಿರುಪುಗಳನ್ನು ಯಾರೂ ಮುಟ್ಟಬಾರದು.

ಹೋದ ವರ್ಷ ಉಮಾನಾಥರು ಇದನ್ನೆಲ್ಲ ಮುಗಿಸಿಕೊಂಡು ಬಂದ ಮರುವಾರ ಆಯುಧಪೂಜೆ ಬಂತು. ಊಟದ ಮೇಜಿನ ಮೇಲೆ ಬಸ್ಸಿನ ಕೀಲಿ, ತುರಿಯುವ ಮಣೆ, ಸುಧೀರಣ್ಣನ ಸ್ಪಾನರುಗಳು, ನಡುವೆ ಗುಂಡಿಲ್ಲದ ಕೋವಿ. ಊರಿನಲ್ಲಿ ಮಾಡಿದಂತೆಯೇ ಮೀರಕ್ಕ ಅದಕ್ಕೆ ಗಂಧ ಹಚ್ಚಿ, ಹೂ ಏರಿಸಿ, ತೀರ್ಥ ಚಿಮುಕಿಸಿದರು. ಊರಿನ ಕೋವಿಗೆ ಸ್ಕೋಪು ಇರುವುದಿಲ್ಲ. ಮರುದಿನ ಒದ್ದೆ ಬಟ್ಟೆಯಿಂದ ಗಂಧವನ್ನೆಲ್ಲ ಒರೆಸಿ ತೆಗೆದರು. ತಿರುಪುಗಳ ಮುಚ್ಚಳ ಎಂದೋ ಕಳೆದುಹೋಗಿತ್ತು, ಅವುಗಳ ಸಂದಿಯಲ್ಲಿ ಕೂತ ಗಂಧವನ್ನೂ ಅವರು ಬಿಡಲಿಲ್ಲ. ಉಮಾನಾಥರು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು.

ನವೆಂಬರಿನ ಬೇಟೆಯ ಎರಡನೆಯ ದಿನ, ಎಪ್ಪತ್ತು ಗಜ ದೂರದಲ್ಲಿ ಅಡ್ಡ ನಿಂತಿದ್ದ ಹೆಣ್ಣು ಜಿಂಕೆಗೆ ಅವರು ಗುಂಡು ಹಾರಿಸಿದರು. ಗುರಿ ಇಟ್ಟದ್ದು ಎದೆಗೆ. ಗುಂಡು ಕೆಳದವಡೆಯನ್ನು ಒಡೆದುಕೊಂಡು ಹೋಯಿತು. ಆ ದಿನ ಕತ್ತಲಾಗುವವರೆಗೆ, ಮರುದಿನ ಇಡೀ, ಇಬ್ಬರೂ ರಕ್ತದ ಜಾಡು ಹಿಡಿದು ನಡೆದರು. ಉಮಾನಾಥರು ಏನೂ ತಿನ್ನಲಿಲ್ಲ. ಅದರ ಮರುದಿನ ಮಧ್ಯಾಹ್ನ ಅದು ಸಿಕ್ಕಿತು. ತೊರೆಯೊಂದರಲ್ಲಿ, ಮೊಣಕಾಲಿನಷ್ಟು ನೀರಿನಲ್ಲಿ ನಿಂತಿತ್ತು. ಕುಡಿಯಲು ಬಗ್ಗುತ್ತಿತ್ತು, ಕುಡಿಯಲಾಗುತ್ತಿರಲಿಲ್ಲ. ಗಾಯ ಮಾಡಿದವನೇ ಮುಗಿಸಬೇಕಾದದ್ದು. ಆದರೆ ಉಮಾನಾಥರು, "ನನ್ನ ಕೋವಿ ಕೆಟ್ಟಿದೆ, ನೀನೇ ಮುಗಿಸು" ಎಂದು ಸುಧೀರಣ್ಣನಿಗೆ ಬಿಟ್ಟು ಬೇರೆ ಕಡೆ ತಿರುಗಿ ನಿಂತರು.

ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಅವರು ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು. ತುಳು ಬಾರದ ಬಯಲುಸೀಮೆಯವಳು ನಾನು, ಆದರೂ 'ಪಾಪ' ಎಂಬ ಮಾತು ತಿಳಿಯಿತು. ಉಳಿದದ್ದನ್ನು ಮೀರಕ್ಕನೇ ಆಮೇಲೆ ಹೇಳಿದರು. "'ಒರೆಸುವಾಗ ನೀನು ತಿರುಪು ತಿರುಗಿಸಿದ್ದಿ, ಆ ಪಾಪ ನಿನಗೇ' ಅಂದ್ರು ಇವರು. ತಿರುಗಿಸಿದೆನೋ ಇಲ್ವೋ, ನನಗೇ ನೆನಪಿಲ್ಲ, ಪ್ರಕೃತಿ. ಕೈಗೆ ಟಿಕ್ ಅಂತ ಎಂತದೋ ಆದ ಹಾಗೂ ಉಂಟು, ಆಗದ ಹಾಗೂ ಉಂಟು."

ಅಂದಿನಿಂದ ಆ ಮನೆಯಲ್ಲಿ ಗಂಧ ತೇಯುವುದು ನಿಂತಿತು. ಉಮಾನಾಥರ ಮಾತು ನಿಲ್ಲಲಿಲ್ಲ. ಟೀವಿಯ ರಿಮೋಟು ಕೆಲಸ ಮಾಡದಿದ್ದರೆ, "ಇದನ್ನೂ ಒರೆಸಿದ್ದೀಯಾ?" ನೆಂಟರು ಬಂದರೆ, "ನಮ್ಮ ಮೀರಾ ಕೂತಲ್ಲಿಂದಲೇ ಜಿಂಕೆ ಹೊಡೆದವಳು." ನೆಂಟರು ನಗುತ್ತಿದ್ದರು. ಮೀರಕ್ಕನೂ ನಕ್ಕು ಒಳಗೆ ಹೋಗುತ್ತಿದ್ದರು.

ಈ ವರ್ಷ ಆಯುಧಪೂಜೆಗೆ ಕೋವಿಯನ್ನು ಮೇಲೆ ತರಲಿಲ್ಲ. ಅಕ್ಟೋಬರಿನ ಕೊನೆಯ ಶನಿವಾರ ಉಮಾನಾಥರೂ ಸುಧೀರಣ್ಣನೂ ರೇಂಜಿಗೆ ಹೊರಟಾಗ ಮೀರಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದರು.

"ನೀನೂ ಹೋಗು. ಇವರು ಬಂದು ಎಂತ ಹೇಳ್ತಾರೋ. ನಾನು ತಿರುಗಿಸಿದ್ದು ಹೌದಾ ಅಲ್ವಾ, ಅಷ್ಟು ನೋಡ್ಕೊಂಡು ಬಾ. ನನಗೆ ಬೇರೆ ಎಂತದೂ ಬೇಡ."

ಉತ್ತರಕ್ಕೆ ನಲವತ್ತು ನಿಮಿಷದ ದಾರಿ. ಕೊಯ್ಲಾದ ಜೋಳದ ಹೊಲಗಳ ಮೇಲೆ ಬಿಳಿಯ ಇಬ್ಬನಿ ಇನ್ನೂ ಕರಗಿರಲಿಲ್ಲ. ಸುಧೀರಣ್ಣ ವ್ಯಾನು ಓಡಿಸುತ್ತಿದ್ದರು. ನಾನಿದ್ದೆನೆಂದು ಇಬ್ಬರೂ ಕನ್ನಡದಲ್ಲೇ ಮಾತಾಡಿದರು.

"ಸ್ಕೋಪು ಮುಟ್ಟಲೇ ಇಲ್ಲ ನಾನು. ಹೋದ ವರ್ಷ ಹೇಗಿತ್ತೋ ಹಾಗೇ ಉಂಟು. ಸಾಕ್ಷಿಗೆ ಬೇಕಲ್ಲ" ಎಂದರು ಉಮಾನಾಥರು.

"ಸಾಕ್ಷಿ ಯಾರಿಗೆ ಉಮಾನಾಥಣ್ಣ, ಜಿಂಕೆಗಾ?"

"ನಿನ್ನ ಮೀರಕ್ಕನಿಗೆ ಮಾರಾಯ. ಒಳಗೆ ಗೆರೆಯೇ ಬಾಗಿದೆ, ನೋಡಿದ್ದೇನೆ. ನೀರು ಹೋಗಿದೆ ಒಳಗೆ."

ವರ್ಷವೆಲ್ಲ ರೇಂಜಿಗೆ ಬಾರದವರೂ ಬರುವ ವಾರ ಅದು. ಉದ್ದದ ತಗಡಿನ ಮಾಡಿನ ಕೆಳಗೆ ಮೇಜುಗಳ ಸಾಲು, ಪ್ರತಿ ಮೇಜಿಗೂ ಮರಳಿನ ಚೀಲಗಳು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡರೂ ಗುಂಡಿನ ಸದ್ದು ಎದೆಗೂಡಿನೊಳಗೆ ಬಂದು ಕೂರುತ್ತಿತ್ತು. ಉಸ್ತುವಾರಿಯ ಹೆಂಗಸು ಕೂಗಿದ ಮೇಲೆಯೇ ಹೊಡೆಯಬೇಕು. ಆಕೆ ನಿಲ್ಲಿಸಿ ಎಂದಾಗ ಎಲ್ಲರೂ ಕೋವಿ ತೆರೆದಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಬೇಕು.

ಉಮಾನಾಥರು ಮರಳಿನ ಚೀಲದ ಮೇಲೆ ಕೋವಿ ಇಟ್ಟು ಕೆನ್ನೆ ಒತ್ತಿದರು. ಎಡಗಣ್ಣು ಮುಚ್ಚಿದರು. ಬಹಳ ಹೊತ್ತು ಹೊಡೆಯಲಿಲ್ಲ. ಹಣೆಯ ಮೇಲೆ, ಆ ಚಳಿಯಲ್ಲಿ, ಬೆವರು ಮೂಡಿತು. ಮೂರು ಗುಂಡು ಹಾರಿಸಿದರು. ಸುಧೀರಣ್ಣ ಪಕ್ಕದಲ್ಲಿ ದುರ್ಬೀನಿನಿಂದ ನೋಡುತ್ತಿದ್ದರು. ಒಂದು ಕಾಗದದ ಕೆಳಗಿನ ಬಲತುದಿಗೆ ಬಿದ್ದಿತ್ತು. ಒಂದು ಎಡಕ್ಕೆ, ಮೇಲೆ. ಇನ್ನೊಂದು ಕಾಗದದಲ್ಲಿ ಇರಲೇ ಇಲ್ಲ.

ಉಮಾನಾಥರು ಎದ್ದು ನನ್ನ ಕಡೆ ತಿರುಗಿದರು. ವರ್ಷದಿಂದ ಅಷ್ಟು ಹಗುರವಾಗಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಕಂಡಿತಾ? ಹೋಗಿ ಹೇಳು ನಿನ್ನ ಮೀರಕ್ಕನಿಗೆ."

ಸುಧೀರಣ್ಣ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ತಿರುಪು ತಿರುಗಿದ್ರೆ ಮೂರೂ ಒಂದೇ ಕಡೆ ಹೋಗ್ಬೇಕಲ್ಲ ಉಮಾನಾಥಣ್ಣ. ಇದು ಮೂರು ದಿಕ್ಕಿಗೆ ಹೋಗಿದೆ."

"ಗೆರೆ ಬಾಗಿದೆ ಅಂತ ಹೇಳ್ಲಿಲ್ವಾ? ನೀನೇ ನೋಡು ಬೇಕಾದ್ರೆ."

ಸುಧೀರಣ್ಣ ಕೂತು ಸ್ಕೋಪಿಗೆ ಕಣ್ಣಿಟ್ಟರು. "ನೆಟ್ಟಗೆ ಉಂಟಲ್ಲ."

"ಸರಿಯಾಗಿ ನೋಡು ಮಾರಾಯ. ನಡುವಿನಲ್ಲಿ, ಕೂಡುವಲ್ಲಿ."

"ನೆಟ್ಟಗೆ ಉಂಟು ಉಮಾನಾಥಣ್ಣ."

ಆಮೇಲೆ ಅವರೂ ಮೂರು ಗುಂಡು ಹಾರಿಸಿದರು, ತಿರುಪು ಮುಟ್ಟದೆ. ಹೊಡೆಯುವುದು ನಿಂತ ಮೇಲೆ ಮೂವರೂ ಹುಲ್ಲಿನ ಮೇಲೆ ನೂರು ಗಜ ನಡೆದೆವು. ಕಾಗದದ ನಡುವಿನ ವೃತ್ತದಲ್ಲಿ, ಹೋದ ವರ್ಷ ಕೂರಿಸಿದ್ದ ಜಾಗದಲ್ಲೇ, ಒಂದಕ್ಕೊಂದು ತಾಗಿದಂತೆ ಮೂರು ತೂತು. ಸುಧೀರಣ್ಣ ಅವುಗಳ ಮೇಲೆ ಹೆಬ್ಬೆರಳು ಇಟ್ಟರು. ಮೂರೂ ಮುಚ್ಚಿಹೋದವು.

ಉಮಾನಾಥರು ಕಾಗದದ ಹತ್ತಿರ ಬಂದರು. ಅಂಗೈಯಿಂದ ಎಡಗಣ್ಣು ಮುಚ್ಚಿ, ಕಾಗದ ಕಟ್ಟಿದ್ದ ಮರದ ಕಂಬವನ್ನು ನೋಡಿದರು. ಕೈ ತೆಗೆದರು. ಮತ್ತೆ ಮುಚ್ಚಿ ನೋಡಿದರು.

"ಕಂಬವೂ ಬಾಗ್ತದೆ" ಎಂದರು.

"ಎಷ್ಟು ಸಮಯ ಆಯ್ತು ಉಮಾನಾಥಣ್ಣ?"

"ಹೋದ ನವೆಂಬರಿನಲ್ಲಿ ಸ್ವಲ್ಪ ಇತ್ತು. ಸ್ಕೋಪಿನದ್ದೇ ದೋಷ ಅಂತ ಇದ್ದೆ. ಈಗ ನಡುವಿನಲ್ಲಿ ಎಂತದೂ ಇಲ್ಲ, ಬೂದಿ ಉಜ್ಜಿದ ಹಾಗೆ."

ಸುಧೀರಣ್ಣ ಕಾಗದ ಬಿಚ್ಚುತ್ತಿದ್ದ ಕೈ ನಿಲ್ಲಿಸಿದರು. "ಮತ್ತೆ ಬಸ್ಸು?"

"ಎರಡೂ ಕಣ್ಣು ತೆರೆದ್ರೆ ಎಲ್ಲ ಕಾಣ್ತದೆ."

"ನಲವತ್ತು ಮಕ್ಕಳು ಉಂಟು ಉಮಾನಾಥಣ್ಣ ಅದರಲ್ಲಿ."

"ನಲವತ್ತೆರಡು. ನನಗೆ ಗೊತ್ತಿಲ್ವಾ? ಮೆಡಿಕಲ್ ಟೆಸ್ಟು ಏಪ್ರಿಲಿಗೆ. ಅಲ್ಲಿವರೆಗೆ ಯಾರೂ ಕೇಳುವುದಿಲ್ಲ. ಬಸ್ಸು ಬಿಟ್ರೆ ನಾನು ಎಂತ ಮಾಡ್ಲಿ, ಮನೆಯಲ್ಲಿ ಕೂತು ಗೋಡೆ ನೋಡ್ಲಾ, ಅದೂ ಅರ್ಧ?" ಆಮೇಲೆ ನಮ್ಮಿಬ್ಬರನ್ನೂ ನೋಡಿ, ದನಿ ಇಳಿಸಿ, "ಮೀರಾಳಿಗೆ ಹೇಳ್ಲಿಕ್ಕೆ ಹೋಗ್ಬೇಡಿ. ಸ್ಕೋಪು ಅಂತ ನಾನೇ ಹೇಳ್ತೇನೆ."

ಮಧ್ಯಾಹ್ನದ ಹೊತ್ತಿಗೆ ಮನೆಗೆ ಮರಳಿದೆವು.

ಮೀರಕ್ಕ ಬಾಗಿಲಲ್ಲೇ ನಿಂತಿದ್ದರು. ಮೊದಲು ನನ್ನ ಮುಖ ನೋಡಿದರು. ನಾನು ಬೂಟಿನ ಲಾಡಿ ಬಿಚ್ಚಲು ಬಗ್ಗಿದೆ.

"ಸ್ಕೋಪು ಹೋಗಿದೆ" ಎಂದರು ಉಮಾನಾಥರು.

"ನಾನು ತಿರುಗಿಸಿದ್ದೇ ಹೌದಾ?"

ಉಮಾನಾಥರು ಜಾಕೆಟನ್ನು ಕೊಕ್ಕೆಗೆ ಹಾಕಿದರು. ಆ ಒಂದು ವರ್ಷದಲ್ಲಿ ಕೇಳದ ಮೆತ್ತಗಿನ ದನಿಯಲ್ಲಿ ಹೇಳಿದರು. "ಹೋಗ್ಲಿ ಬಿಡು. ಗೊತ್ತಿಲ್ಲದೆ ಆದದ್ದು. ಇನ್ನು ಆ ಮಾತು ಬೇಡ."

ಮೀರಕ್ಕ ತಲೆಯಾಡಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಊಟಕ್ಕೆ ಬಡಿಸಲು ಹೋದರು. ಸುಧೀರಣ್ಣ ಊಟಕ್ಕೆ ನಿಲ್ಲಲಿಲ್ಲ. ನಾನು ಬೇಸ್‌ಮೆಂಟಿಗೆ ಇಳಿದೆ. ಮಾಡದ ತಪ್ಪಿಗೆ ಕ್ಷಮೆ ಪಡೆದ ಹೆಂಗಸಿನ ಹೆಜ್ಜೆಗಳು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುವುದು ನನ್ನ ತಲೆಯ ಮೇಲೆ ಕೇಳುತ್ತಿತ್ತು. ಮೇಲೆ ಹೋಗಿ ಹೇಳಬೇಕಾಗಿತ್ತು. ಭಾನುವಾರವೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಉಮಾನಾಥರು ಎಂದಿನಂತೆ ಬಸ್ಸಿಗೆ ಹೋದರು. ಆಮೇಲೆ ಅವರೇ ಹೇಳಿದಂತೆ, ಏಳನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಕೆಂಪು ದೀಪ ಹಾಕಿ, ರಸ್ತೆ ದಾಟುವ ಮಕ್ಕಳಿಗಾಗಿ ಕಾದರು. ಸೂರ್ಯ ಆಗಷ್ಟೇ ಎದ್ದಿದ್ದ. ಎಡಗಡೆಯ ಕಿಟಕಿಯಿಂದ ಬಿಸಿಲು ನೇರವಾಗಿ ಹೊಡೆಯುತ್ತಿತ್ತು. ಎಡಗಣ್ಣಿಗೆ ಕೈ ಅಡ್ಡ ಹಿಡಿದರು. ಬಸ್ಸಿನ ಮುಂದೆ ಹಾದುಹೋಗುತ್ತಿದ್ದ ಹುಡುಗಿಯ ಬೂಟು ಕಂಡಿತು, ಬ್ಯಾಗಿನ ಅಂಚು ಕಂಡಿತು. ಮುಖ ಇರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಳೋ ಏನೋ, ಪೂರ್ತಿ ಮಾಯವಾದಳು. ಕೈ ಇಳಿಸಿದಾಗ ಬಾಗಿಲ ಮೆಟ್ಟಿಲ ಮೇಲೆ ನಿಂತು ಗುಡ್ ಮಾರ್ನಿಂಗ್ ಹೇಳುತ್ತಿದ್ದಳು.

ಏನೂ ಆಗಲಿಲ್ಲ. ಅವರು ಬಸ್ಸನ್ನು ರಸ್ತೆಯ ಪಕ್ಕಕ್ಕೆ ಸರಿಸಿ, ಎಂಜಿನ್ ಆರಿಸಿ, ಡಿಪೋಗೆ ರೇಡಿಯೋದಲ್ಲಿ ಹೇಳಿದರು. ಬೇರೆ ಚಾಲಕ ಬರಲು ಇಪ್ಪತ್ತೈದು ನಿಮಿಷವಾಯಿತು. ಅಷ್ಟು ಹೊತ್ತೂ ಹಿಂದೆ ಮಕ್ಕಳು ಹಾಡುತ್ತಿದ್ದರಂತೆ. ಕೀಲಿ ಕೊಟ್ಟು ನಡೆದುಕೊಂಡು ಮನೆಗೆ ಬಂದರು.

ಅಡುಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದರಂತೆ. ರೇಂಜು, ಕಂಬ, ಹುಡುಗಿ, ಶನಿವಾರದ ಸುಳ್ಳು. ಮೀರಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ. "ಡಾಕ್ಟರಿಗೆ ಫೋನು ಮಾಡಿದ್ರಾ?" ಸಂಜೆ ಬಟ್ಟೆ ಒಗೆಯಲು ಇಳಿದು ಬಂದವರು ನನ್ನ ಬಾಗಿಲಲ್ಲಿ ನಿಂತರು. "ನಿನಗೂ ಗೊತ್ತಿತ್ತು" ಎಂದರು. ಬೈದಂತೆ ಇರಲಿಲ್ಲ.

ಕಣ್ಣಿನ ತಜ್ಞರ ಕ್ಲಿನಿಕ್ಕು ಥಾರ್ನ್‌ಹಿಲ್ಲಿನಲ್ಲಿ. ಆ ಗುರುವಾರ ಅವರ ಕಾರು ಓಡಿಸಿದವಳು ನಾನು. ಮೀರಕ್ಕ ಹಿಂದೆ, ಉಮಾನಾಥರು ಪಕ್ಕದ ಸೀಟಿನಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಹದಿನೇಳು ವರ್ಷದಲ್ಲಿ ತಮ್ಮ ಕಾರಿನ ಆ ಸೀಟಿನಲ್ಲಿ ಕೂತು ಅವರಿಗೆ ಅಭ್ಯಾಸವಿರಲಿಲ್ಲ. ಸಿಗ್ನಲ್ಲು ಬಂದಾಗಲೆಲ್ಲ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಡಾಕ್ಟರು ನಲವತ್ತರ ಹೆಂಗಸು. ಕಣ್ಣಿಗೆ ಹನಿ ಹಾಕಿ, ಯಂತ್ರದ ಮುಂದೆ ಕೂರಿಸಿ, ಕಣ್ಣಿನ ಒಳಗಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಬಲಗಣ್ಣಿನ ಹಿಂಭಾಗದಲ್ಲಿ ರಕ್ತ ಜಿನುಗಿ ಜಿನುಗಿ ಈಗ ಗಾಯದ ಕಲೆ ಕೂತುಬಿಟ್ಟಿದೆ. ಶುರುವಿನಲ್ಲೇ ಬಂದಿದ್ದರೆ ಇಂಜೆಕ್ಷನ್ನು ಕೊಟ್ಟು ಬಹುಮಟ್ಟಿಗೆ ಉಳಿಸಬಹುದಿತ್ತು. ಈಗ ಆ ಕಣ್ಣಿಗೆ ಮಾಡುವುದೇನೂ ಇಲ್ಲ, ಎಡಗಣ್ಣನ್ನು ಕಾಯಬೇಕು ಎಂದರು. ಆಮೇಲೆ ಕಾಗದ ನೋಡುತ್ತಾ ಕೇಳಿದರು, ಗೆರೆ ಬಾಗಿದಂತೆ ಮೊದಲು ಕಂಡದ್ದು ಯಾವಾಗ?

"ಹೋದ ವರ್ಷದ ನವೆಂಬರು" ಎಂದರು ಉಮಾನಾಥರು, ಇಂಗ್ಲಿಷಿನಲ್ಲಿ.

ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಗಾದರೆ ಒಂದು ವರ್ಷ ಯಾಕೆ ಬರಲಿಲ್ಲ?

ಹನಿ ಹಾಕಿದ ಕಣ್ಣುಗಳಲ್ಲಿ ನೀರು ಸುರಿಯುತ್ತಿತ್ತು. ಉಮಾನಾಥರು ಹೆಂಡತಿ ಕೂತಿದ್ದ ಕಡೆಗೆ ಮುಖ ತಿರುಗಿಸಿದರು.

ಮೀರಕ್ಕ ವ್ಯಾನಿಟಿ ಬ್ಯಾಗನ್ನು ಮಡಿಲಲ್ಲಿ ನೆಟ್ಟಗೆ ಮಾಡಿಕೊಂಡರು. ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದರು.

"ಇವರು ಕೋವಿ ಕೆಟ್ಟಿದೆ ಅಂತ ತಿಳಿದಿದ್ದರು, ಡಾಕ್ಟರ್."

ಅಷ್ಟೇ ಹೇಳಿದರು. ವರ್ಷವಿಡೀ ತಮ್ಮ ಮೇಲೆ ಹೊರಿಸಿದ್ದ ತಪ್ಪಿನ ಮಾತನ್ನು ಎತ್ತಲಿಲ್ಲ.