ಅಪ್ಪನ ಇನ್ನೊಂದು ಟೇಪು

ನಮ್ಮಪ್ಪ ಸಿನಿಮಾ ಸ್ಟುಡಿಯೋದಲ್ಲಿ ಮೂವತ್ತೆರಡು ವರ್ಷ ಬಟ್ಟೆ ಹೊಲಿದವನು. ಅಲ್ಲಿ ಎಲ್ಲರೂ ಅವನನ್ನು ‘ಇಂಚು ಮಾಸ್ತರ್’ ಎಂದು ಕರೆಯುತ್ತಿದ್ದರು. ಕಣ್ಣಳತೆಯಲ್ಲೇ ಸೊಂಟದ ಸುತ್ತಳತೆ ಹೇಳುತ್ತಿದ್ದ. ಆಮೇಲೆ ಟೇಪು ಹಿಡಿದರೆ ಕಾಲಿಂಚೂ ಆಚೀಚೆ ಇರುತ್ತಿರಲಿಲ್ಲ. ಮನೆಯ ವಿಷಯದಲ್ಲಿ ಮಾತ್ರ ಅವನಿಗೆ ಯಾವ ಲೆಕ್ಕವೂ ತಿಳಿಯದು. ನನ್ನ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಅಮ್ಮನ ಮುಖ ನೋಡುತ್ತಿದ್ದ.

ಅವನ ಹತ್ತಿರ ಎರಡು ಟೇಪುಗಳಿದ್ದವು. ಒಂದು ಸದಾ ಕೊರಳಲ್ಲಿ. ಇನ್ನೊಂದು ತಗಡಿನ ಡಬ್ಬಿಯಲ್ಲಿ, ಗುಂಡಿಗಳ ಕೆಳಗೆ. ಬಿಳಿ ಪಟ್ಟಿಯ ಮೇಲೆ ಮಸಿಯಲ್ಲಿ ಗೆರೆ ಎಳೆದು, ಅಂಕಿ ಬರೆದು ಅದನ್ನು ಅವನೇ ಮಾಡಿದ್ದ. ಅದರ ಒಂದೊಂದು ಇಂಚೂ ನಿಜವಾದ ಇಂಚಿಗಿಂತ ಉದ್ದ.

ಅದು ಒಬ್ಬಳಿಗಾಗಿ ಮಾಡಿದ ಟೇಪು. ಊರೆಲ್ಲ ಅವಳನ್ನು ‘ಮೇಡಂ’ ಎನ್ನುತ್ತಿತ್ತು. ನಾನು ಹಾಗೆ ಕರೆದವಳಲ್ಲ. ಒಂದು ಕಾಲದಲ್ಲಿ ಬೆಂಕಿಪೊಟ್ಟಣದ ಮೇಲೂ ಅವಳದೇ ಮುಖ. ಅವಳಿಗೆ ಇಪ್ಪತ್ತನಾಲ್ಕು ವಯಸ್ಸಾಗಿದ್ದಾಗ ಒಂದು ಚಿತ್ರಕ್ಕೆ ಅಪ್ಪ ಬಿಳಿ ಗೌನು ಹೊಲಿದುಕೊಟ್ಟ. ಸೊಂಟ ಇಪ್ಪತ್ತಾರು. ಆ ಚಿತ್ರ ಅವಳನ್ನು ಆಕಾಶಕ್ಕೇರಿಸಿತು. ಅಂದಿನಿಂದ ಪ್ರತಿ ವರ್ಷ, ಚಿತ್ರ ತೆರೆಕಂಡ ದಿನ, ಅದೇ ಗೌನು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಅಪ್ಪ ಅಳತೆ ತೆಗೆದು ಗಟ್ಟಿಯಾಗಿ ಹೇಳಬೇಕು.

ಮೊದಲ ಸಲ ಇಪ್ಪತ್ತೇಳು ಎಂದಾಗ ಪೌಡರ್ ಡಬ್ಬಿ ಅವನ ಹಣೆಗೆ ಬಂದು ಬಿತ್ತು. ಅವಳು ಎರಡು ದಿನ ಊಟ ಬಿಟ್ಟಳು. ಮರುವರ್ಷ ಅಪ್ಪ ಇನ್ನೊಂದು ಟೇಪು ತೆಗೆದುಕೊಂಡು ಹೋದ. ವಾರ ಮೊದಲೇ ಇಸ್ತ್ರಿಯ ನೆಪದಲ್ಲಿ ಗೌನು ತಂದು, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಅರ್ಧರ್ಧ ಇಂಚು ಬಿಚ್ಚುತ್ತಿದ್ದ. ಒಳಬಟ್ಟೆ ಮುಗಿದ ಮೇಲೆ ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟ. ಅವಳ ಸೊಂಟ ಬೆಳೆದಂತೆಲ್ಲ ಹಳೆಯದನ್ನು ಎಸೆದು ಹೊಸ ಟೇಪು ಬರೆದ. ಕನ್ನಡಕ ಹಾಕಿದರೆ ಮರ್ಯಾದೆಗೆ ಕಡಿಮೆ ಎಂದುಕೊಂಡವಳಿಗೆ ಅದೆಲ್ಲ ಎಲ್ಲಿ ಕಾಣಬೇಕು?

“ಇಪ್ಪತ್ತಾರು, ಮೇಡಂ.”

ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. “ರೀ, ಆ ಸುಳ್ಳು ಹೊಲಿಯೋ ಕರ್ಮ ನಿಮಗ್ಯಾಕೆ?”

“ಹೊಲಿಗೆ ಸುಳ್ಳಲ್ಲ ಕಣೇ,” ಎನ್ನುತ್ತಿದ್ದ ಅಪ್ಪ. “ಅಂಕಿ ಮಾತ್ರ.”

ಹನ್ನೊಂದು ವರ್ಷ ಯಾರೂ ಕರೆಯದೆ ಕೂತಿದ್ದವಳಿಗೆ ಒಂದು ದಿನ ಕರೆ ಬಂತು. ಹೊಸ ನಿರ್ದೇಶಕನ ಚಿತ್ರ, ನಾಯಕಿಯ ತಾಯಿಯ ಪಾತ್ರ, ಎರಡೇ ದೃಶ್ಯ. ಉಡುಪಿನವರು ಫೋನಿನಲ್ಲಿ ಅಳತೆ ಕೇಳಿದ್ದಾರೆ. ಅಪ್ಪನನ್ನು ಒಂದು ಮಾತು ಕೇಳಬಾರದೇ? ಬಾಯಿಪಾಠ ಇದ್ದದ್ದನ್ನು ಅವಳೇ ಹೆಮ್ಮೆಯಿಂದ ಒಪ್ಪಿಸಿಬಿಟ್ಟಳು.

ಶೂಟಿಂಗ್ ದಿನ ಅಪ್ಪನನ್ನೂ ಕರೆದುಕೊಂಡು ಹೋದಳು. ಡಬ್ಬಿ ಹೊರಲು ನಾನೂ ಹೋಗಿದ್ದೆ. ಹೊಸ ಉಡುಪು ಅವಳ ಸೊಂಟದಲ್ಲಿ ಮುಕ್ಕಾಲು ಗೇಣು ಬಾಯಿ ಬಿಟ್ಟುಕೊಂಡು ನಿಂತಿತು. ಉಡುಪಿನ ಹುಡುಗಿ ತನ್ನ ಟೇಪು ಸುತ್ತಿ, ಕೋಣೆಗೆಲ್ಲ ಕೇಳುವಂತೆ ಕೂಗಿದಳು: “ಮೂವತ್ಮೂರು!” ಲೈಟಿನವರೆಲ್ಲ ನಕ್ಕರು.

“ನಿನ್ನ ಟೇಪು ಸರಿಯಿಲ್ಲ,” ಎಂದು ಅವಳು ಹುಡುಗಿಗೆ ಹೇಳಿದಳು. “ಮಾಸ್ತರ್, ಡಬ್ಬಿಯಿಂದ ನಿಮ್ಮ ಟೇಪು ತೆಗೆದು ತೋರಿಸಿ ಇವರಿಗೆ.”

ಡಬ್ಬಿ ನನ್ನ ಕೈಯಲ್ಲಿತ್ತು. ಅಪ್ಪ ಬಂದು ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದ. ತೆರೆದರೆ ಆ ಮಸಿಯ ಟೇಪು ಎಲ್ಲರ ಕೈಗೆ ಹೋಗುತ್ತದೆ. ಇಷ್ಟು ವರ್ಷ ಅವಳನ್ನು ಮಗುವಿನಂತೆ ನಂಬಿಸಿದ್ದು ಅವಳಿಗೂ ತಿಳಿಯುತ್ತದೆ, ಊರಿಗೂ ತಿಳಿಯುತ್ತದೆ.

“ತಪ್ಪು ನಂದು,” ಎಂದ. “ಕಣ್ಣು ಹೋಗಿದೆ. ಅಂಕಿ ಕಾಣಲ್ಲ. ಅಂದಾಜಲ್ಲಿ ಹೇಳ್ತಿದ್ದೆ.”

“ಕುರುಡ!” ಎಂದು ಕಿರುಚಿದಳು. “ನನ್ನ ಬದುಕು ಹಾಳು ಮಾಡಿದ್ಯಲ್ಲೋ!” ಮೂವತ್ತು ವರ್ಷದಲ್ಲಿ ಅವನಿಗೆ ಮೊದಲ ಸಲ ಏಕವಚನ. ಪಾತ್ರ ಅದೇ ವಾರ ಬೇರೆಯವರ ಪಾಲಾಯಿತು.

ಕುರುಡು ದರ್ಜಿಗೆ ಬಟ್ಟೆ ಕೊಡುವವರು ಯಾರು? ಒಬ್ಬರೂ ಬರಲಿಲ್ಲ. ಸ್ಟುಡಿಯೋದವರು ‘ಇಂಚು ಮಾಸ್ತರ್’ ಎಂಬ ಹೆಸರನ್ನೇ ಹೇಳಿ ನಗಾಡಿದರು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಮಷೀನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ, ಅದೂ ಒಂದೇ ಸಲಕ್ಕೆ. ಹೊಲಿಯಲು ಏನೂ ಇಲ್ಲದೆ ದಾರ ತೆಗೆದಿಡುತ್ತಿದ್ದ. ಆ ಟೇಪನ್ನು ಅವಳ ಮುಖದ ಮೇಲೆ ಎಸೆದು ಬರುತ್ತೇನೆಂದು ಎರಡು ಸಲ ಚಪ್ಪಲಿ ಮೆಟ್ಟಿದ್ದೆ.

“ಬೇಡ ಮಗಳೇ. ಅವರ ಹತ್ರ ಉಳಿದಿರೋದು ಯಾರೂ ಬೇಕಂತ ಮೋಸ ಮಾಡಿಲ್ಲ ಅನ್ನೋ ನಂಬಿಕೆಯೊಂದೇ,” ಎಂದು ತಡೆದ.

ಮೂರನೇ ವರ್ಷ ಅವಳ ಮನೆಗೆಲಸದವಳು ಬಂದು ಬಾಗಿಲಲ್ಲಿ ನಿಂತಳು. “ಮೇಡಂ ಹೋಗ್ಬಿಟ್ರು ಮಾಸ್ತರ್. ಬಿಳಿ ಗೌನಲ್ಲೇ ಕಳಿಸಿ ಅಂದಿದ್ರು. ಹಾಕಿದ್ರೆ ಮೈಮೇಲೆ ನಿಲ್ತಾನೇ ಇಲ್ಲ. ಮಧ್ಯಾಹ್ನಕ್ಕೆ ಫೋಟೋದವರು ಬರ್ತಾರೆ.”

ಅಪ್ಪ ಎದ್ದ. ಡಬ್ಬಿ ಹೊತ್ತು ನಾನೂ ಹಿಂದೆ ಹೋದೆ. ಕಿಟಕಿಗಳೆಲ್ಲ ಮುಚ್ಚಿದ್ದ ಆ ಕೋಣೆಯಲ್ಲಿ ಅವಳು ಮಲಗಿದ್ದಳು. ಕಾಯಿಲೆ ಎಲ್ಲವನ್ನೂ ತಿಂದು ಮೂಳೆ ಉಳಿಸಿತ್ತು. ನಾನು ಡಬ್ಬಿ ತೆರೆಯಹೋದೆ. ಅಪ್ಪ ಬೇಡವೆಂದು ತಲೆಯಾಡಿಸಿ, ಕೊರಳಿನ ಟೇಪು ತೆಗೆದು ಅವಳ ಸೊಂಟಕ್ಕೆ ಸುತ್ತಿದ. ಕಣ್ಣು ತುಂಬಿಕೊಂಡು ಅವನಿಗೆ ನಿಜಕ್ಕೂ ಅಂಕಿ ಕಾಣಲಿಲ್ಲ. ನಾನೇ ಬಗ್ಗಿ ನೋಡಿದೆ, ನೋಡಿ ಅವನ ಕಿವಿಯಲ್ಲಿ ಹೇಳಿದೆ.

ಪಕ್ಕದ ಪಟ್ಟಿಗಳನ್ನೆಲ್ಲ ಬಿಚ್ಚಿದ. ಬಟ್ಟೆಯಲ್ಲಿ ಮೊದಲ ಹೊಲಿಗೆಯ ತೂತುಗಳು ಇನ್ನೂ ಸಾಲಾಗಿದ್ದವು. ಅದೇ ತೂತುಗಳಲ್ಲಿ ಸೂಜಿ ಇಳಿಸಿ ಹೊಲಿದ. ತೊಡಿಸಿದಾಗ ಎಲ್ಲೂ ಒಂದು ನೆರಿಗೆ ಬೀಳಲಿಲ್ಲ.

ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೂ ಅಪ್ಪ ಅವಳ ಕಾಲ ಹತ್ತಿರ ನೆಟ್ಟಗೆ ನಿಂತು, ಮೊದಲಿನ ಹಾಗೇ ಗಟ್ಟಿಯಾಗಿ “ಇಪ್ಪತ್ತಾರು, ಮೇಡಂ” ಎಂದಾಗ ನಾನು ಗೋಡೆ ಹಿಡಿದುಕೊಂಡು ಅತ್ತೆ.